ನೀರು ಆಡುವ ನೆಲ

ತದಡಿಯಿಂದ ದೋಣಿ ದಾಟಿ ಇಳಿದಾಗ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತು. ಬೆಳಿಗ್ಗೆ ನೀರು ತುಂಬಿದ್ದ ಕಡೆಯೆಲ್ಲ ನೆಲ ಎದ್ದು ನಿಂತಿತ್ತು. ಮೊಣಕಾಲುದ್ದ ನೀರಲ್ಲಿ ಹೆಂಗಸರು ಪಾದದಿಂದಲೇ ತಡಕಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಿದ್ದರು.

“ಇಲ್ಲಿ ಇಷ್ಟೊಂದು ಬಳಚು ಹೇಗಕ್ಕಾ?”

“ನೀರು ಆಡ್ತಾ ಇರ್ತದಲ್ಲ ತಮಾ. ನಿಂತ ನೀರಲ್ಲಿ ಎಲ್ಲಿ ಬರ್ತದೆ?”

ಆ ಮಾತು ಹಿಡಿದೇ ನಡೆದೆ. ಸಮುದ್ರದ ತೆರೆ ಒಳನುಗ್ಗುವ ಬಾಯಿಯ ಹತ್ತಿರ ಕಾಲಡಿ ಗಟ್ಟಿ ಹೊಯ್ಗೆ. ನುಣ್ಣನೆ ಕೆಸರು ಅಲ್ಲಿ ಕೂರಲು ತೆರೆ ಬಿಡುವುದಿಲ್ಲ. ಎಬ್ಬಿಸಿದ್ದನ್ನು ಸೆಳೆತ ಒಯ್ದು, ತನ್ನ ಬಲ ಸೋತಲ್ಲಿ, ಕಾಂಡ್ಲ ಗಿಡಗಳ ಬೇರಿನ ನಡುವೆ ಇಳಿಸುತ್ತದೆ. ಅಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹೂತಿತು.

ಒಂದು ಹಿಡಿ ಅಗೆದು ನೋಡಿದೆ. ಮೇಲೆ ತೆಳು ಕಂದು ಪದರ, ಬೆರಳಗಲ ಕೆಳಗೆ ಕಡುಗಪ್ಪು, ಕೊಳೆತ ಮೊಟ್ಟೆಯ ನಾತ. ಆಮ್ಲಜನಕ ಅಷ್ಟಕ್ಕೇ ಮುಗಿದಿತ್ತು. ಆದರೆ ಏಡಿಯ ಬಿಲವೊಂದರ ಸುತ್ತ ಮಾತ್ರ ಆ ಕಂದು ಬಣ್ಣ ಕಪ್ಪಿನೊಳಕ್ಕೆ ಆಳವಾಗಿ ಇಳಿದಿತ್ತು. ಬಿಲದಲ್ಲಿ ನೀರು ಹೋಗಿಬರುವಷ್ಟು ದೂರ ನೆಲಕ್ಕೂ ಉಸಿರು! ಹೊಯ್ಗೆಯ ಕಡೆ ಆ ಉಸಿರಿಗೆ ಬಿಲವೂ ಬೇಡ. ತೆರೆ ಬಿಟ್ಟುಹೋದ ಪುಟ್ಟ ಏರುಗಳ ಮೇಲೆ ನೀರು ಹರಿಯುವಾಗ ಏರಿನ ಮುಂದೆ ಒತ್ತಡ ಹೆಚ್ಚು, ಹಿಂದೆ ಕಡಿಮೆ. ಅಷ್ಟು ಸಾಕು, ನೀರು ಮರಳ ಕಣಗಳ ಸಂದಿಯಲ್ಲಿ ಇಳಿದು ಮತ್ತೆ ಹೊರಬರುತ್ತದೆ.

ಬಳಚು ಊಟ ಹುಡುಕಿ ಹೋಗುವ ಪ್ರಾಣಿಯಲ್ಲ. ಉಬ್ಬರ ಬಂದಾಗ ಎರಡು ನಳಿಗೆ ಚಾಚಿ, ಒಂದರಿಂದ ನೀರೆಳೆದು, ಕಿವಿರಲ್ಲಿ ಸೋಸಿ, ಇನ್ನೊಂದರಿಂದ ಬಿಡುತ್ತದೆ. ಹರಿವು ನಿಂತರೆ ಸೋಸಿದ ನೀರನ್ನೇ ಮತ್ತೆ ಸೋಸಬೇಕು; ಅತಿಯಾದರೆ ಮರಿಗಳು ಮರಳಿನ ಜೊತೆಗೇ ಕೊಚ್ಚಿಹೋಗುತ್ತವೆ. ಹುಟ್ಟಿದ ಹೊಸತರಲ್ಲಿ ನೀರಲ್ಲೇ ತೇಲುವ ಅವು ಎಲ್ಲಿ ನೆಲೆಯೂರಬೇಕೆಂಬುದೂ ಬಹುಪಾಲು ಸೆಳೆತದ ಕೈಯಲ್ಲೇ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಉಪ್ಪು ತಗ್ಗುತ್ತದೆ, ಬೇಸಿಗೆಯಲ್ಲಿ ಉಪ್ಪು ಮೇಲಕ್ಕೇರುತ್ತದೆ. 2024ರಲ್ಲಿ ಈ ಅಳಿವೆ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದ್ದು ನನಗೆ ತುಂಬ ಸಂತೋಷ ಕೊಟ್ಟ ಸುದ್ದಿ. ಆದರೆ ಕಾಯಬೇಕಾದ್ದು ಕೆಸರನ್ನಷ್ಟೇ ಅಲ್ಲ, ಘಟ್ಟದಿಂದ ಇಳಿದುಬರುವ ಹರಿವನ್ನೂ.

ದಡದಲ್ಲಿ ಎರಡು ರಾಶಿ ಮಾರಾಟಕ್ಕಿತ್ತು. ಕಪ್ಪು ಚಿಪ್ಪಿನದು ಉಪ್ಪು ಕಡಿಮೆಯಿರುವ ಮೇಲಿನ ನೀರಿನದು, ತಿಳಿ ಬಣ್ಣದ್ದು ಬಾಯಿಯ ಕಡೆಯದು. ಎರಡರಿಂದಲೂ ಒಂದೊಂದು ಪಾಲು ಕೊಂಡೆ.