ದೊಡ್ಡಗದ್ದವಳ್ಳಿ: ಕಾವಲು ಬಂದರಿನಲ್ಲೋ, ಊರಿನಲ್ಲೋ?

ಹಾಸನದಿಂದ ಬೇಲೂರಿಗೆ ಹೊರಟ ಪ್ರವಾಸಿಗರಲ್ಲಿ ಅನೇಕರು ದೊಡ್ಡಗದ್ದವಳ್ಳಿಯನ್ನು ನೋಡದೆಯೇ ಮುಂದೆ ಹೋಗುತ್ತಾರೆ. ಮುಖ್ಯರಸ್ತೆ ಬಿಟ್ಟು ಒಳಗೆ ಹೋದರೆ ಕೆರೆ, ತೆಂಗಿನ ಮರಗಳು, ಅವುಗಳ ಪಕ್ಕದಲ್ಲಿ ಬಳಪದ ಕಲ್ಲಿನ ಲಕ್ಷ್ಮೀದೇವಿ ದೇವಾಲಯ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, ಕ್ರಿ.ಶ. 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕ ಹಾಗೂ ಆತನ ಮಡದಿ ಸಹಜಾದೇವಿ ಇದನ್ನು ಕಟ್ಟಿಸಿದರು. ನಾಲ್ಕು ಗರ್ಭಗುಡಿಗಳ ಇಂಥ ಚತುಷ್ಕೂಟ ಹೊಯ್ಸಳರಲ್ಲಿ ಅಪರೂಪ. ಕಾಳಿಯ ಗುಡಿಯ ಮುಂದೆ ಎಲುಬಿನ ಗೂಡಿನಂಥ ಬೇತಾಳಗಳು ಕಾವಲು ನಿಂತಿವೆ.

2020ರ ನವೆಂಬರ್‌ನಲ್ಲಿ ಆ ಕಾಳಿಯ ವಿಗ್ರಹ ತುಂಡಾಗಿ ಬಿದ್ದಿದ್ದುದು ಕಂಡುಬಂತು. ಪುರಾತತ್ವ ಇಲಾಖೆಯವರು ತುಂಡುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದರು. ತುಂಡುಗಳು ಅಲ್ಲೇ ಇದ್ದುದರಿಂದ ಅದು ಸಾಧ್ಯವಾಯಿತು. ವಿಗ್ರಹವೇ ಕಡಲು ದಾಟಿದ್ದರೆ?

ನೂರು ವರ್ಷ ಮೀರಿದ ಶಿಲ್ಪಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆ ನಿಷೇಧಿಸಿದೆ. ಆದರೂ ಸಾಗಣೆ ನಿಂತಿಲ್ಲ. ಹಾಗಾದರೆ ಗಡಿ, ಬಂದರುಗಳಲ್ಲಿ ಕಾವಲು ಬಿಗಿಯಾದರೆ ಸಾಕೇ?

ಮಾದಕ ವಸ್ತುಗಳ ಸಂಗತಿಯನ್ನೇ ನೋಡೋಣ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು 3,000 ಕಿಲೊ ಹೆರಾಯಿನ್ ಸಿಕ್ಕಿತು. ಕಾಗದಪತ್ರಗಳಲ್ಲಿ ಅದು ಟಾಲ್ಕ್ ಕಲ್ಲು, ಅಂದರೆ ಬಳಪದ ಕಲ್ಲಿನ ಜಾತಿಯದೇ ಸರಕು! ರಾಸಾಯನಿಕ ಪರೀಕ್ಷೆ ಸುಳ್ಳನ್ನು ಬಯಲು ಮಾಡಿತು. ಆದರೆ ಹಿಡಿದ ಸರಕಿನ ಬದಲು ಇನ್ನೊಂದು ಬೆಳೆ ಬರುತ್ತದೆ, ದಾರಿಯೂ ಬದಲಾಗುತ್ತದೆ. 1980ರ ದಶಕದಲ್ಲಿ ಅಮೆರಿಕ ಫ್ಲಾರಿಡಾ ಕಡಲತೀರವನ್ನು ಬಿಗಿಗೊಳಿಸಿದಾಗ ಕೊಕೇನ್ ಮೆಕ್ಸಿಕೊ ಹಾದಿ ಹಿಡಿಯಿತು.

ವಿಗ್ರಹದ ಸಂಗತಿ ಬೇರೆ. ಒಂದನ್ನು ಉಳಿಸಿದರೆ ಅದು ಉಳಿದಂತೆಯೇ, ಕಳೆದರೆ ಮತ್ತೆ ಬೆಳೆಯುವುದಿಲ್ಲ. ಆದರೆ ಅದು ಕದ್ದ ಮಾಲೆಂದು ಯಾವ ರಾಸಾಯನಿಕವೂ ಹೇಳಲಾರದು. ತಮಿಳುನಾಡಿನ ಶ್ರೀಪುರಂತಾನದಿಂದ 2006ರಲ್ಲಿ ಕಳುವಾದ ಕಂಚಿನ ನಟರಾಜನನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆ 2008ರಲ್ಲಿ 50 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಬಂದರುಗಳೆಲ್ಲ ದಾಟಿದ್ದ ಆತನ ಗುರುತು ಹಿಡಿದುಕೊಟ್ಟದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ 1994ರ ಒಂದು ಹಳೆಯ ಛಾಯಾಚಿತ್ರ. 2014ರಲ್ಲಿ ನಟರಾಜ ಮರಳಿ ಬಂದ. ಅದನ್ನು ಮಾರಿದ ವ್ಯಾಪಾರಿ ಸುಭಾಷ್ ಕಪೂರ್ 2011ರಲ್ಲಿ ಜರ್ಮನಿಯಲ್ಲಿ ಬಂಧಿತನಾದ. ವಿಗ್ರಹ ಕಳವಿನ ಪ್ರಕರಣದಲ್ಲಿ ಕುಂಭಕೋಣದ ನ್ಯಾಯಾಲಯ 2022ರಲ್ಲಿ ಆತನಿಗೆ 10 ವರ್ಷ ಶಿಕ್ಷೆ ವಿಧಿಸಿತು.

ಬಂದರಿನ ಕಾವಲುಗಾರನಿಗೆ ಬೇಕಾದ ಸಾಕ್ಷ್ಯ ಊರಿನಲ್ಲೇ ಹುಟ್ಟಬೇಕು. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಯಾವ ಶಿಲ್ಪಕ್ಕೆ ಎಷ್ಟು ಕೈ, ಯಾವ ಕೈಯಲ್ಲಿ ಏನಿದೆ, ಎಲ್ಲಿ ಮುಕ್ಕಾಗಿದೆ ಎಂದು ಬರೆದುಕೊಳ್ಳಲಿ. ಹಿರಿಯರು ಮಕ್ಕಳನ್ನು ಕಂಬಕ್ಕೆ ಒರಗಿಸಿ ಚಿತ್ರ ತೆಗೆಯುವಾಗ ಶಿಲ್ಪದ್ದೂ ಒಂದು ಚಿತ್ರ ತೆಗೆದು, ತಾರೀಖು ಬರೆದಿಡಲಿ. ಎಂದೋ ಒಂದು ದಿನ ದೂರದ ಬಂದರಿನಲ್ಲಿ ಪೆಟ್ಟಿಗೆಯೊಂದು ತೆರೆದಾಗ, ಒಳಗಿರುವುದು ದೊಡ್ಡಗದ್ದವಳ್ಳಿಯದೆಂದು ಹೇಳಲು ಅಷ್ಟು ಸಾಕಾದೀತು.