ಹೆಸರಿಗಂಜುವ ಬೇನೆ

ಇಳಕಲ್ಲಿನ ನಮ್ಮ ಓಣಿಯವರು ಆಸ್ಪತ್ರೆಯ ಚೀಟಿ ಓದಿಸಲು ನನ್ನಲ್ಲಿಗೆ ಬರುವುದುಂಟು. ಕ್ಷಯದ ಚೀಟಿ ಹಗಲಲ್ಲೇ ಬರುತ್ತದೆ, ಎಚ್.ಐ.ವಿ.ಯದು ಕತ್ತಲಾದ ಮೇಲೆ.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ 2003ರ ಸಮೀಕ್ಷೆಯೊಂದು ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಈ ಸೋಂಕನ್ನು ಕಂಡಿತ್ತು. 2004ರಿಂದ ಸರಕಾರ ಎ.ಆರ್.ಟಿ. ಗುಳಿಗೆಗಳನ್ನು ಉಚಿತವಾಗಿ ಕೊಡತೊಡಗಿತು. 2017ರಿಂದ ಸೋಂಕು ತಿಳಿದೊಡನೆಯೇ ಚಿಕಿತ್ಸೆ. ಗುಳಿಗೆ ವೈರಾಣುವನ್ನು ನಿರ್ಮೂಲ ಮಾಡದು, ಬೆಳೆಯಗೊಡದು. ನಿತ್ಯ ತಪ್ಪದೆ ನುಂಗಿ, ರಕ್ತದಲ್ಲಿ ಅದು ಪರೀಕ್ಷೆಗೂ ಸಿಗದಷ್ಟು ಇಳಿದೇ ಉಳಿದರೆ, ದೇಹಸಂಪರ್ಕದಿಂದ ಸಂಗಾತಿಗೆ ಹರಡದು. ಗುಟ್ಟು ಕಾಯಲು 2017ರ ಕಾಯಿದೆಯೂ ಇದೆ.

ಇಷ್ಟಿದ್ದೂ, ಉಚಿತ ಪರೀಕ್ಷೆಗೆ ಕೈ ನೀಡಲು ಜನ ಅಂಜುವುದು ಸೂಜಿಗಲ್ಲ, ನೆರೆಯವರ ನಾಲಗೆಗೆ. ಒಂದೇ ತಾಟಿನಲ್ಲಿ ಉಂಡರೂ ಅಂಟದ ಬೇನೆಗೆ ಪಂಕ್ತಿಭೇದವೇಕೆ? ಪದವೀಧರರಾಗಿ ಊರಿಗೆ ಮರಳುವ ನಾವು ಈ ಮಾತನ್ನು ಕಟ್ಟೆಯ ಮೇಲೆ ಕುಳಿತು ಆಡಬೇಡವೆ?