ತುಕ್ಕು ಹಿಡಿದ ಬಾಗಿಲು

ನನ್ನ ಹಳೆಯ ಅಂಬಾಸಿಡರ್ ಇನ್ನೂ ಇದೆಯೇ ಎಂದು ಶಿಷ್ಯರು ಕೇಳುತ್ತಿರುತ್ತಾರೆ. ಇದೆ. 2014ರಲ್ಲಿ ಅದರ ತಯಾರಿಕೆಯೇ ನಿಂತುದರಿಂದ, ಇರುವ ತಗಡನ್ನು ಕಾಪಾಡಿಕೊಳ್ಳುವುದೇ ಲೇಸು.

ಶಹಾಪುರ, ಸುರಪುರದ ಕಡೆಯ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿದರೆ ಬೇಗ ಒಣಗದು; ಆ ತೇವವೇ ತುಕ್ಕಿಗೆ ಮೂಲ. ಮಳೆಗಾಲದಲ್ಲಿ ಅದನ್ನು ತೊಳೆದು, ಬಾಗಿಲಿನಡಿ ನೀರಿಳಿಯುವ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಒಳಗೊಳಗೇ ಹಬ್ಬುತ್ತದೆ. ಲೋಹ ಹೊಳೆಯುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಬಣ್ಣ ಕೊಡಬೇಕು.

ಈ ವರ್ಷ ಎಡಬಾಗಿಲಿನಡಿ ತೂತು ಬಿದ್ದಿತು. “ಪುಟ್ಟಿ ತುಂಬಿದ್ರ ಚಂದ ಕಾಣ್ತದ್ರಿ ಸರ, ಉಳಿಯಂಗಿಲ್ಲ” ಎಂದ ಯಾದಗಿರಿಯ ಮಿಸ್ತ್ರಿ, ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದನು. ಬೇರೆ ಬಾಗಿಲನ್ನೇ ಹಾಕಬಹುದೆಂದೂ ಹೇಳಿದನು, ನಾನು ಒಪ್ಪಲಿಲ್ಲ. ದಿವಂಗತ ಮಡದಿ ಕಲಬುರಗಿಯ ಆಸ್ಪತ್ರೆಗೆ ಹೋಗುವಾಗಲೆಲ್ಲ ಹಿಡಿದು ಇಳಿಯುತ್ತಿದ್ದುದು ಆ ಬಾಗಿಲನ್ನೇ.